ಮಿಲಿಟರಿ ಗ್ರೇಡು, ಸಿಐಡಿ ಕೇಸು

"ಸಾರ್, ಇದು ಸಿಐಡಿ ಕೇಸು" ಅಂದ ಸರ್ವಿಸ್ ಸೆಂಟರಿನ ಹುಡುಗ.

ಎದೆ ಧಸಕ್ಕೆಂದಿತು. ನಾನು ತೆಗೆದುಕೊಂಡು ಹೋಗಿದ್ದು ತಂಗಿ ಮಗನ ಲ್ಯಾಪ್‌ಟಾಪ್. ಇಂಜಿನಿಯರಿಂಗ್ ಎರಡನೇ ವರ್ಷ. ಹುಡುಗ ಏನಾದರೂ ಮಾಡಬಾರದ್ದು ಮಾಡಿಕೊಂಡನೇ?

ಹಾಗೇನಿಲ್ಲವಂತೆ. ಸಿಐಡಿ ಎಂದರೆ ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್. ಗಿರಾಕಿ ತನ್ನ ಕೈಯಾರೆ ಮಾಡಿಕೊಂಡ ಹಾನಿ. ಇನ್ನೂ ಬಿಡಿಸಿ ಹೇಳಬೇಕೆಂದರೆ, ವಾರಂಟಿಗೆ ಎಳ್ಳುನೀರು.

ಹುಡುಗ ಮಾಡಿದ್ದ ಅಪರಾಧ ಇಷ್ಟೇ. ಲ್ಯಾಪ್‌ಟಾಪನ್ನು ತೆರೆದಿದ್ದ. ಆಮೇಲೆ ಮುಚ್ಚಿದ್ದ. ಹತ್ತು ತಿಂಗಳು ಇದನ್ನೇ ಮಾಡಿದ್ದ. ಒಂದು ರಾತ್ರಿ ಎಡಗಡೆಯ ಹಿಂಜ್ ಕಟ್ ಅಂತು. ಕೆಳಗಿನ ಕವರ್ ಕಪ್ಪೆಚಿಪ್ಪಿನ ಹಾಗೆ ಬಾಯಿ ಬಿಟ್ಟಿತು.

ಅದನ್ನು ಕೊಂಡದ್ದೇ ಗಟ್ಟಿ ಎಂಬ ಕಾರಣಕ್ಕೆ. ಡಬ್ಬದ ಮೇಲೆ 'ಮಿಲಿಟರಿ ಗ್ರೇಡ್' ಎಂದು ಅಚ್ಚಾಗಿತ್ತು. ಜಾಹೀರಾತಿನಲ್ಲಿ ಅದು ಮೇಜಿನಿಂದ ಬೀಳುತ್ತಿತ್ತು, ಮರಳುಗಾಳಿಗೆ ಸಿಕ್ಕುತ್ತಿತ್ತು, ಮತ್ತೆ ನಗುನಗುತ್ತಾ ಆನ್ ಆಗುತ್ತಿತ್ತು. ಅಂಗಡಿಯ ಸೇಲ್ಸ್‌ಮನ್ ಅಂತೂ "ಟ್ಯಾಂಕ್ ಸಾರ್ ಇದು" ಅಂತ ಧಡ್ ಎಂದು ಗುದ್ದಿ ತೋರಿಸಿದ್ದ. ಈಗ ಯೋಚಿಸಿದರೆ, ಅವನು ಗುದ್ದಿದ್ದು ಮೇಜಿಗೆ.

ಸರ್ವಿಸ್ ಸೆಂಟರಿನ ಎಸ್ಟಿಮೇಟು 11,800 ರೂಪಾಯಿ.

"ಮಿಲಿಟರಿ ಗ್ರೇಡ್ ಅಂತ ನೀವೇ ಬರ್ದಿದ್ದೀರಲ್ಲಪ್ಪಾ?"

"ಅದು ಮಾರ್ಕೆಟಿಂಗ್‌ನೋರು ಬರೆಯೋದು ಸಾರ್. ನಾವು ಸರ್ವಿಸ್."

ಸರ್ವಿಸ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಕಂಪನಿಯಲ್ಲಿ ನನಗೆ ಸಿಕ್ಕ ಒಬ್ಬನೇ ಪ್ರಾಮಾಣಿಕ ಅವನು.

ಈ 'ಮಿಲಿಟರಿ' ಎಲ್ಲಿಂದ ಬಂತು ಎಂದು ಹುಡುಕುತ್ತಾ ಕೂತೆ. ನಿವೃತ್ತನಿಗೆ ಬೇರೆ ಕೆಲಸವೇನು? ಅಮೆರಿಕದ ರಕ್ಷಣಾ ಇಲಾಖೆಯದೊಂದು ದಸ್ತಾವೇಜಿದೆ. ಹೆಸರು ಮಿಲ್-ಎಸ್‌ಟಿಡಿ-810. ಮೊದಲು ಬಂದದ್ದು 1962ರಲ್ಲಿ. ಅಲ್ಲಿಂದ ಪರಿಷ್ಕರಣೆಯಾಗುತ್ತಾ ಬಂದು 2019ರಲ್ಲಿ 810ಎಚ್ ಆಯಿತು. ಸಾವಿರ ಪುಟ ಮೀರುವ ಪುಸ್ತಕ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಓದಬಹುದು. ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇಡೀ ವ್ಯಾಪಾರ ನಿಂತಿದೆ.

ಅದರಲ್ಲಿ 29 ಬಗೆಯ ಪರೀಕ್ಷೆಗಳಿವೆ. ಬಿಸಿ, ಚಳಿ, ಮಳೆ, ದೂಳು, ಕುಲುಕಾಟ, ಬೀಳುವುದು, ಉಪ್ಪು ಗಾಳಿ, ಬೂಷ್ಟು. ಕೊನೆಗೆ ಗುಂಡು ಹಾರಿಸುವಾಗಿನ ಅದುರಿನ ಹೊಡೆತವೂ ಇದೆ. ಎಲ್ಲವನ್ನೂ ಮಾಡಬೇಕೆಂದು ಪುಸ್ತಕ ಹೇಳುವುದಿಲ್ಲ. ಸೈನ್ಯ ಯಾವ ಸಾಮಾನನ್ನು ಎಲ್ಲಿ ಬಳಸುತ್ತದೋ ಅದಕ್ಕೆ ತಕ್ಕ ಪರೀಕ್ಷೆಗಳನ್ನು ಆರಿಸಿಕೊಳ್ಳಿ, ಅದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಿ ಎನ್ನುತ್ತದೆ. ಲ್ಯಾಬಿನ ಪರೀಕ್ಷೆಗೆ ಅದರದೇ ಮಿತಿಗಳಿವೆ ಎಂದು ಮೊದಲಿಗೇ ಒಪ್ಪಿಕೊಳ್ಳುತ್ತದೆ. ಜವಾಬ್ದಾರಿಯುತವಾದ ಪುಸ್ತಕ.

ಆದರೆ 'ನೀನು ಪಾಸು' ಎಂದು ಲ್ಯಾಪ್‌ಟಾಪಿಗೆ ಸರ್ಟಿಫಿಕೇಟ್ ಕೊಡುವ ಕಚೇರಿ ಅದರಲ್ಲಿಲ್ಲ. ಪೆಂಟಗನ್‌ನಲ್ಲಿ ಯಾರೂ ನಿಮ್ಮ ಅಂಗಡಿಯ ಲ್ಯಾಪ್‌ಟಾಪಿಗೆ ಸೀಲು ಒತ್ತುವುದಿಲ್ಲ. ಹೀಗೊಂದು ಲ್ಯಾಪ್‌ಟಾಪ್ ಇದೆಯೆಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ಹಾಗಾದರೆ ಪರೀಕ್ಷೆ ಮಾಡಿದ್ದು ಯಾರು? ಕಂಪನಿ. ಪ್ರಶ್ನೆ ಆರಿಸಿದ್ದು? ಕಂಪನಿ. ಎಷ್ಟು ಹೊಡೆತ, ಎಷ್ಟು ಹೊತ್ತು? ಕಂಪನಿ. ಮೌಲ್ಯಮಾಪನ? ನೀವೇ ಹೇಳಿ.

ನಮ್ಮ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಈ ವ್ಯವಸ್ಥೆ ಕೊಟ್ಟು ನೋಡಿ. 29 ಪ್ರಶ್ನೆಗಳಲ್ಲಿ ಬರುವ 12 ಆರಿಸಿಕೋ, ಮನೆಯಲ್ಲೇ ಬರೆ, ನೀನೇ ತಿದ್ದಿಕೋ. ಊರ ಸರ್ಕಲ್ಲಿನಲ್ಲಿ 'ಗ್ರಾಮದ ಹೆಮ್ಮೆ' ಎಂದು ಫ್ಲೆಕ್ಸ್ ಕಟ್ಟುವುದೂ ನೀನೇ. ರಾಜ್ಯದಲ್ಲಿ ಒಂದು ಮಗುವೂ ಫೇಲಾಗುವುದಿಲ್ಲ.

ಯಾವ ಪ್ರಶ್ನೆ ಆರಿಸಿಕೊಂಡರು ಎಂಬುದರಲ್ಲೇ ಇರುವುದು ಮಜಾ. ಬಹಳ ಕಂಪನಿಗಳಿಗೆ ಎತ್ತರದ ಪರೀಕ್ಷೆ ಎಂದರೆ ಪಂಚಪ್ರಾಣ. 15,000 ಅಡಿ ಎತ್ತರದ ತೆಳು ಗಾಳಿಯಲ್ಲೂ ಓಡುತ್ತದೆ ಎನ್ನುತ್ತಾರೆ. ನಮ್ಮ ಮುಳ್ಳಯ್ಯನಗಿರಿ ಅದರ ಅರ್ಧವೂ ಇಲ್ಲ. ಪಾಪ, ಹುಡುಗ ಲ್ಯಾಪ್‌ಟಾಪ್ ಹೊತ್ತು ಹತ್ತುವ ಅತಿ ಎತ್ತರದ ಜಾಗ ಹಾಸ್ಟೆಲಿನ ಮೂರನೇ ಮಹಡಿ.

ಇನ್ನು ಬೀಳುವ ಪರೀಕ್ಷೆ. ಜಾಹೀರಾತಿನ ಹೀರೋ ಇದೇ. 4 ಅಡಿ ಎತ್ತರದಿಂದ 26 ಸಲ ಬೀಳಿಸಬೇಕು. 26 ಯಾಕೆ? ಪೆಟ್ಟಿಗೆಯಂಥ ವಸ್ತುವಿಗೆ 6 ಮುಖ, 12 ಅಂಚು, 8 ಮೂಲೆ. ಒಂದೊಂದರ ಮೇಲೂ ಒಂದೊಂದು ಪೆಟ್ಟು. ಲೆಕ್ಕ ಚೊಕ್ಕವಾಗಿದೆ. ಗೌರವ ಹುಟ್ಟುತ್ತದೆ.

ಸ್ವಲ್ಪ ತಾಳಿ. ಈ 26 ಪೆಟ್ಟನ್ನೂ ಒಂದೇ ಲ್ಯಾಪ್‌ಟಾಪ್ ತಿನ್ನಬೇಕೆಂದಿಲ್ಲ. ಐದರವರೆಗೆ ಹಂಚಿಕೊಳ್ಳಲು ಅವಕಾಶವಿದೆ. ಲ್ಯಾಬಿನಲ್ಲಿ ಪಂಚಪಾಂಡವರು ಸರದಿಯ ಮೇಲೆ ಪೆಟ್ಟು ತಿಂದು ಗೆದ್ದು ಬರುತ್ತಾರೆ. ನಿಮ್ಮ ಮನೆಯಲ್ಲಿರುವುದು ಒಂಟಿ ಅಭಿಮನ್ಯು.

ಬೀಳುವುದು ಯಾವುದರ ಮೇಲೆ? ಹಲವು ಕಂಪನಿಗಳ ಕೈಪಿಡಿಯಲ್ಲೇ ಬರೆದಿದೆ: ಕಾಂಕ್ರೀಟಿನ ಮೇಲೆ ಹಾಸಿದ 2 ಇಂಚು ದಪ್ಪದ ಪ್ಲೈವುಡ್. ನಿಮ್ಮ ಮನೆಯಲ್ಲಿ ಪ್ಲೈವುಡ್ ಇದೆ, ಅನುಮಾನವಿಲ್ಲ. ಅಡುಗೆಮನೆ ಕಪಾಟಿನಲ್ಲಿದೆ. ನೆಲಕ್ಕೆ ಗ್ರಾನೈಟು. ಇನ್ನು ಬೀಳುವಾಗ ಯಂತ್ರ ಆಫ್ ಆಗಿದ್ದರೂ ನಡೆಯುತ್ತದೆ, ಸಾಗಾಣಿಕೆಯಲ್ಲಿ ಬಿದ್ದಂತೆ ಲೆಕ್ಕ. ಲ್ಯಾಪ್‌ಟಾಪನ್ನು ಆಫ್ ಮಾಡಿ, ಮುಚ್ಚಳ ಹಾಕಿ, ಆಮೇಲೆ ಬೀಳಿಸುವ ಶಿಸ್ತಿನ ಮನುಷ್ಯ ನಿಮಗೆ ಗೊತ್ತಿದ್ದರೆ ಪರಿಚಯ ಮಾಡಿಸಿ.

ಬೂಷ್ಟಿನ ಪರೀಕ್ಷೆ 28 ದಿನ. ಆಗುಂಬೆಯವರು ನಗುತ್ತಾರೆ. ಅಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು. ಗೂಟಕ್ಕೆ ನೇತುಹಾಕಿದ ಬೆಲ್ಟೇ ಹಸಿರಾಗುತ್ತದೆ. ಉಪ್ಪು ಗಾಳಿಯ ಪರೀಕ್ಷೆಯಲ್ಲಿ ನೂರಕ್ಕೆ 5ರಷ್ಟು ಉಪ್ಪು ಕರಗಿಸಿದ ನೀರಿನ ಮಂಜನ್ನು ಒಂದು ದಿನ ಸಿಂಪಡಿಸುತ್ತಾರೆ, ಒಂದು ದಿನ ಒಣಗಿಸುತ್ತಾರೆ. ಹೀಗೆ ಎರಡು ಸಲ. ನಾಲ್ಕು ದಿನಕ್ಕೆ ಮುಗಿಯಿತು. ಮಲ್ಪೆಯ ಕಡಲಿಗೆ ಈ ವೇಳಾಪಟ್ಟಿ ಯಾರೂ ಕಳಿಸಿಲ್ಲ.

ಹಿಂಜಿಗೂ ಕಂಪನಿಗಳು ಪರೀಕ್ಷೆ ಮಾಡುತ್ತವೆ. 25,000 ಸಲ ತೆರೆದು ಮುಚ್ಚಿದೆವು ಎನ್ನುತ್ತವೆ. ದಿನಕ್ಕೆ ಹತ್ತು ಸಲ ಎಂದರೂ ಆರೂಮುಕ್ಕಾಲು ವರ್ಷ. ನಮ್ಮದು ಹತ್ತು ತಿಂಗಳಿಗೇ ಸೋತಿತು. ಸುಳ್ಳು ಹೇಳಿದರೇ? ಹೇಳಿರಲಿಕ್ಕಿಲ್ಲ. ಅಲ್ಲಿ ತೆರೆಯುವುದು ಯಂತ್ರ. ಮುಚ್ಚಳದ ನಟ್ಟನಡುವೆ ಹಿಡಿದು, ಒಂದೇ ವೇಗದಲ್ಲಿ, ತೊಟ್ಟಿಲು ತೂಗಿದಂತೆ ತೆರೆಯುತ್ತದೆ. ಇಲ್ಲಿ ತೆರೆಯುವುದು ಹತ್ತೊಂಬತ್ತು ವರ್ಷದ ಹುಡುಗ. ಒಂದು ಕೈಯಲ್ಲಿ ಪಫ್ಸು, ಇನ್ನೊಂದು ಕೈಯಲ್ಲಿ ಮುಚ್ಚಳದ ಮೂಲೆ.

ಅಲ್ಲ, ಲ್ಯಾಪ್‌ಟಾಪ್ ಹಾಳಾಗುವುದೆಲ್ಲ ಬಿದ್ದೇ ಅಂತ ಯಾರು ಹೇಳಿದ್ದು? 2009ರಲ್ಲಿ ಅಮೆರಿಕದ ಸ್ಕ್ವೇರ್‌ಟ್ರೇಡ್ ಎಂಬ ಸಂಸ್ಥೆ ಸುಮಾರು 30,000 ಲ್ಯಾಪ್‌ಟಾಪುಗಳ ಜಾತಕ ಬಿಚ್ಚಿತ್ತು. ವಾರಂಟಿ ಮಾರುವುದೇ ಅದರ ಕಸುಬು, ಹಾಗಾಗಿ ಲೆಕ್ಕ ಅದರ ಬಳಿಯೇ ಇತ್ತು. ಮೂರು ವರ್ಷದೊಳಗೆ ಮೂರರಲ್ಲಿ ಒಂದರ ಹತ್ತಿರ ಕೈಕೊಟ್ಟಿದ್ದವು. ಹಾಗೆ ಕೈಕೊಟ್ಟವುಗಳಲ್ಲಿ ಮೂರನೇ ಎರಡು ಪಾಲು ಬಿದ್ದವಲ್ಲ, ನೆನೆದವಲ್ಲ. ಸುಮ್ಮನೆ ಕೂತಲ್ಲೇ ಕೆಟ್ಟವು. ಹಳೆಯ ಲೆಕ್ಕ, ನಿಜ. ಆದರೆ ಜಾಹೀರಾತಿನಲ್ಲಿ ಕೂತಲ್ಲೇ ಕೆಡುವ ದೃಶ್ಯ ಇವತ್ತಿಗೂ ಯಾರೂ ತೋರಿಸಿಲ್ಲ. ಅದಕ್ಕೆ ಸ್ಲೋ ಮೋಷನ್ ಹೊಂದುವುದಿಲ್ಲ.

ನೀರಿನ ವಿಷಯಕ್ಕೆ ಬರೋಣ. ಕೀಬೋರ್ಡಿನ ಮೇಲೆ ಚೆಲ್ಲಿದರೂ ಏನೂ ಆಗುವುದಿಲ್ಲ ಎನ್ನುತ್ತಾರೆ. ಎಷ್ಟು ಚೆಲ್ಲಿದರೆ? ಒಂದು ಮಾಡೆಲ್ಲಿನ ಅಡಿಟಿಪ್ಪಣಿ ಓದಿದೆ: 66 ಸಿಸಿ. ಹೆಚ್ಚುಕಡಿಮೆ ಒಂದು ಬೈಟೂ ಕಾಫಿ. ಒನ್ ಬೈ ಟೂ ಹೇಳಿದರೆ ಬಚಾವು, ಫುಲ್ ಹೇಳಿದರೆ ನಿಮ್ಮ ಹಣೆಬರಹ. ಸಕ್ಕರೆ ಇರಕೂಡದು. ಪರೀಕ್ಷೆಗೆ ಬಳಸುವುದು ಶುದ್ಧ ನೀರು.

ಐಪಿ67 ಎಂಬ ಅಂಕೆಯೂ ಹೀಗೆಯೇ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಇಲ್ಲಿನ 7 ಎಂದರೆ ಒಂದು ಮೀಟರ್ ಆಳ, 30 ನಿಮಿಷ, ಅಲುಗಾಡದ ಸಿಹಿನೀರು. ಸಮುದ್ರ, ಈಜುಕೊಳ, ಸಾಂಬಾರು ಇದರಲ್ಲಿ ಸೇರುವುದಿಲ್ಲ.

ಇದನ್ನೆಲ್ಲ ನಾನೊಬ್ಬ ಗೊಣಗುವ ಮುದುಕ ಕೊರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. 2020ರ ನವೆಂಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿತು. ಎರಡು ತಪ್ಪು ಎತ್ತಿ ತೋರಿಸಿತು. ಐಫೋನ್ ನೀರಿಗೆ ಜಗ್ಗುವುದಿಲ್ಲ ಎಂದು ಜಾಹೀರಾತು ಹಾಕಿದಿರಿ, ಅದು ಲ್ಯಾಬಿನ ಶುದ್ಧ, ನಿಂತ ನೀರಿನಲ್ಲಿ ಮಾತ್ರ ಎಂಬುದನ್ನು ಸರಿಯಾಗಿ ಹೇಳಲಿಲ್ಲ. ಎರಡನೆಯದು ಇನ್ನೂ ರುಚಿಕರ. ಒಂದು ಕಡೆ ನೀರಿನ ಭಯವಿಲ್ಲ ಎಂದು ಮಾರಿದಿರಿ, ಇನ್ನೊಂದು ಕಡೆ ನೀರಿನಿಂದ ಹಾಳಾದರೆ ವಾರಂಟಿ ಇಲ್ಲ ಎಂದು ಕಳಿಸಿದಿರಿ.

ಎರಡು ವರ್ಷ ಕಳೆಯುವುದರೊಳಗೆ ಆಸ್ಟ್ರೇಲಿಯದ ಸರದಿ. 2022ರ ಜೂನ್‌ನಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಜಾಹೀರಾತಿನಲ್ಲಿ ಗ್ಯಾಲಕ್ಸಿ ಫೋನುಗಳು ಈಜುಕೊಳದಲ್ಲಿ, ಸಮುದ್ರದಲ್ಲಿ ಮೀಯುತ್ತಿದ್ದವು. ನಿಜದಲ್ಲಿ ನೆನೆದ ಫೋನನ್ನು ಚಾರ್ಜಿಗೆ ಹಾಕಿದರೆ ಪೋರ್ಟ್ ತುಕ್ಕು ಹಿಡಿಯುವ ಸಂಭವವಿತ್ತು. ಕಂಪನಿ ತಪ್ಪು ಒಪ್ಪಿಕೊಂಡಿತು.

ಅವು ಫೋನುಗಳು. ಲ್ಯಾಪ್‌ಟಾಪಿನ ಕಥೆ ಬೇರೆಯೇ? ಒಂದು 'ಮಿಲಿಟರಿ' ಲ್ಯಾಪ್‌ಟಾಪಿನ ಅಡಿಟಿಪ್ಪಣಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಸಾರಾಂಶ ಹೇಳುತ್ತೇನೆ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಪರೀಕ್ಷೆ ಸೈನ್ಯದ ಬಳಕೆಗೆ ಯೋಗ್ಯವೆಂದು ತೋರಿಸಲು ಮಾಡಿದ್ದಲ್ಲ. ಪರೀಕ್ಷೆಯ ಫಲಿತಾಂಶ ಮುಂದೆ ಇದೇ ಸ್ಥಿತಿಯಲ್ಲಿ ಹೀಗೇ ಇರುತ್ತದೆಂಬ ಖಾತ್ರಿಯಲ್ಲ. ಆಕಸ್ಮಿಕ ಹಾನಿಗೆ ರಕ್ಷಣೆ ಬೇಕಿದ್ದರೆ ಬೇರೆ ಪ್ಯಾಕ್ ಕೊಳ್ಳತಕ್ಕದ್ದು.

ಮತ್ತೊಮ್ಮೆ ಓದಿ. ಮಿಲಿಟರಿ ಗ್ರೇಡ್, ಮಿಲಿಟರಿಗಲ್ಲ. ಬಿದ್ದರೂ ಏನಾಗದು, ಬಿದ್ದರೆ ನಮ್ಮನ್ನು ಕೇಳಬೇಡಿ.

ಆ 'ಬೇರೆ ಪ್ಯಾಕ್' ಇದೆಯಲ್ಲ, ಅದನ್ನು ಮಾರುವವನೂ ಅದೇ ಸೇಲ್ಸ್‌ಮನ್. ಐದು ನಿಮಿಷದ ಹಿಂದೆ ಟ್ಯಾಂಕ್ ಎಂದು ಮೇಜು ಗುದ್ದಿದವನು ಬಿಲ್ಲಿಂಗ್ ಕೌಂಟರಿನಲ್ಲಿ ದನಿ ತಗ್ಗಿಸಿ, "ಸಾರ್, ಎಡಿಪಿ ಹಾಕಿಸ್ಕೊಂಡ್ಬಿಡಿ, ಬಿದ್ರೆ ಕಷ್ಟ" ಅನ್ನುತ್ತಾನೆ. ಟ್ಯಾಂಕಿಗೆ ಆಕ್ಸಿಡೆಂಟಲ್ ಡ್ಯಾಮೇಜ್ ಪ್ರೊಟೆಕ್ಷನ್! ಜೊತೆಗೆ ಸ್ಕ್ರೀನ್ ಗಾರ್ಡು. ಕೀಬೋರ್ಡಿಗೆ ಪ್ಲಾಸ್ಟಿಕ್ ಹಾಳೆ. ಮೆತ್ತನೆಯ ಸ್ಲೀವು. ಯುದ್ಧಕ್ಕೆ ಹೊರಟ ಯೋಧನಿಗೆ ಅಂಗಡಿಯವರು ಕುಲಾವಿ, ಸ್ವೆಟರು, ಕಾಲುಚೀಲ ತೊಡಿಸಿ ದೃಷ್ಟಿಬೊಟ್ಟು ಇಟ್ಟು ಕಳಿಸುತ್ತಾರೆ.

ನಾನೂ ಎಲ್ಲವನ್ನೂ ಕೊಂಡೆ, ಎಡಿಪಿ ಒಂದು ಬಿಟ್ಟು. ಮಿಲಿಟರಿ ಗ್ರೇಡಿಗೆ ಇದೇಕೆ ಎಂದು ಜಾಣತನ ತೋರಿಸಿದೆ. ಜಾಹೀರಾತನ್ನು ಪೂರ್ತಿ ನಂಬಿದ್ದಕ್ಕೆ ನನಗೆ ಬಿದ್ದ ದಂಡ ಇದು.

ನಮ್ಮಲ್ಲೇನು ಕಾನೂನಿಲ್ಲವೇ? ಇದೆ. ಭರ್ಜರಿ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಡಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ. 2022ರ ಜೂನ್‌ನಲ್ಲಿ ಮಾರ್ಗಸೂಚಿಯೂ ಬಂತು. ಷರತ್ತಿನ ಸಾಲು ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿರಬೇಕು, ಅದೇ ಅಕ್ಷರವಿನ್ಯಾಸದಲ್ಲಿರಬೇಕು, ಕಣ್ಣಿಗೆ ಕಾಣುವ ಜಾಗದಲ್ಲಿರಬೇಕು.

ಓದಿ ಸಂತೋಷವಾಯಿತು. ಆಮೇಲೆ ಮನೆಯಲ್ಲಿದ್ದ ಡಬ್ಬ ತಂದು ನೋಡಿದೆ. 'ಮಿಲಿಟರಿ ಗ್ರೇಡ್' ಹೆಬ್ಬೆರಳಿನಷ್ಟು ದಪ್ಪ. ಪಕ್ಕದಲ್ಲೊಂದು ನಕ್ಷತ್ರ. ಆ ನಕ್ಷತ್ರದ ಅರ್ಥ ಡಬ್ಬದ ತಳದಲ್ಲಿ, ಇರುವೆ ಸಾಲಿನಲ್ಲಿ. ಆ ಇರುವೆಗಳೂ ಪೂರ್ತಿ ಹೇಳಲಿಲ್ಲ. ಹೆಚ್ಚಿನ ಮಾಹಿತಿಗೆ ವೆಬ್‌ಸೈಟ್ ನೋಡಿ ಎಂದು ಕೈ ತೋರಿಸಿದವು.

ಡಬ್ಬದ ಮೇಲೆ ಬಿಐಎಸ್ ಗುರುತೂ ಇತ್ತು. ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅದು ಸುರಕ್ಷತೆಯ ನೋಂದಣಿ. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು ಎಂಬ ಲೆಕ್ಕದ್ದು. ಹಿಂಜ್ ಮುರಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮುರಿದ ಲ್ಯಾಪ್‌ಟಾಪ್ ನಿಮ್ಮನ್ನು ಸುಡುವುದಿಲ್ಲ, ಅಷ್ಟೇ. ಹೊಟ್ಟೆ ಉರಿಸುವುದಕ್ಕೆ ಬಿಐಎಸ್ ಹೊಣೆಯಲ್ಲ.

ಇನ್ನೊಂದು ಚೋದ್ಯ. ನಮ್ಮ ಸೈನ್ಯಕ್ಕೂ ಇಂಥದೇ ಒಂದು ಪುಸ್ತಕವಿದೆ. ಜೆಎಸ್ಎಸ್ 55555. ಮೂರೂ ಪಡೆಗಳ ಎಲೆಕ್ಟ್ರಾನಿಕ್ ಉಪಕರಣಗಳ ಪರೀಕ್ಷೆಗೆ ಬಳಸುವಂಥದ್ದು. ಈ ಐದು ಐದುಗಳನ್ನು ಯಾವ ಲ್ಯಾಪ್‌ಟಾಪಿನ ಜಾಹೀರಾತಿನಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಆಗಸ್ಟ್ 15ರ ಸೇಲಿನಲ್ಲಿ ತ್ರಿವರ್ಣದ ಬ್ಯಾನರು, ಅದರ ಕೆಳಗೆ ಅಮೆರಿಕದ ಸೈನ್ಯದ ಹೆಸರು. ಪರೀಕ್ಷೆ ಮಾಡಿಸಲು ಜಾಗವಿಲ್ಲವೆಂದಲ್ಲ. ಬೆಂಗಳೂರಿನ ಪೀಣ್ಯದಲ್ಲೇ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ. ಶಾಖದ ಪೆಟ್ಟಿಗೆ, ಕುಲುಕುವ ಮೇಜು ಎಲ್ಲ ಅಲ್ಲಿರುತ್ತದೆ. ಒಂದು ವರದಿ ತಂದು ಅಂಗಡಿಯಲ್ಲಿ ಅಂಟಿಸಿದರೆ ಯಾರು ಬೇಡ ಅನ್ನುತ್ತಾರೆ?

ಎಲ್ಲರೂ ಕಳ್ಳರು ಎಂದು ನಾನು ಹೇಳುವುದಿಲ್ಲ. ನಿಜಕ್ಕೂ ಗಟ್ಟಿಯಾದವು ಇವೆ. ಪ್ಯಾನಾಸೋನಿಕ್ 1996ರಿಂದ ಟಫ್‌ಬುಕ್ ಮಾಡುತ್ತಿದೆ. ತೈವಾನಿನ ಗೆಟ್ಯಾಕ್ ಕಂಪನಿಯ ಕಸುಬೇ ಅದು. ಪೊಲೀಸರು, ಸೈನಿಕರು, ಗಣಿಯಲ್ಲಿ ದುಡಿಯುವವರು ಬಳಸುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಮೂಲೆಗಳಿಗೆ ರಬ್ಬರು, ಪ್ರತಿ ಪೋರ್ಟಿಗೂ ಮುಚ್ಚಳ, ಮೇಲೊಂದು ಹಿಡಿಕೆ. ಕೆಲವು ಮೂರು ಕಿಲೋ ದಾಟುತ್ತವೆ. ಬೆಲೆ ಲಕ್ಷಗಳಲ್ಲಿ. ರೂಪ ಮಾತ್ರ ಹಳೇ ಟ್ರಂಕಿನದು. ಅಂಥದ್ದನ್ನು ತಂಗಿ ಮಗನಿಗೆ ತೋರಿಸಿದೆ. "ಮಾವ, ಇದನ್ನ ಕಾಲೇಜಿಗೆ ತಗೊಂಡೋದ್ರೆ ನಗ್ತಾರೆ" ಅಂದ.

ನಮ್ಮ ಬಂಡವಾಳವೂ ಅಲ್ಲೇ ಬಯಲಾಗುವುದು. ತೆಳ್ಳಗಿರಬೇಕು, ನೀರ್‌ದೋಸೆಯ ಹಾಗೆ. ಗಟ್ಟಿಯಿರಬೇಕು, ಒರಳುಕಲ್ಲಿನ ಹಾಗೆ. ಬೆಲೆ 50,000 ದಾಟಬಾರದು. ಈ ಮೂರನ್ನೂ ಒಟ್ಟಿಗೆ ಕೇಳುವ ನಮಗೆ ಕಂಪನಿ ಒಂದು ಸ್ಟಿಕ್ಕರ್ ಕೊಡುತ್ತದೆ.

ಈ ಜ್ಞಾನವೆಲ್ಲ ತುಂಬಿಕೊಂಡು ಮೊನ್ನೆ ಮತ್ತದೇ ಅಂಗಡಿಗೆ ಹೋದೆ. ಕೊಳ್ಳುವುದಕ್ಕಲ್ಲ, ಕೇಳುವುದಕ್ಕೆ. ಯಾವ ಪರೀಕ್ಷೆ? ಎಷ್ಟು ಲ್ಯಾಪ್‌ಟಾಪ್ ಬೀಳಿಸಿದರು? ಆನ್ ಇತ್ತೇ, ಆಫ್ ಇತ್ತೇ? ಕಂಪನಿ ಲ್ಯಾಬೋ, ಹೊರಗಿನದೋ? ವರದಿಯ ನಂಬರು? ಕೊನೆಗೆ, ಅಷ್ಟೇ ಎತ್ತರದಿಂದ ನಾನು ಬೀಳಿಸಿದರೆ ಪುಕ್ಕಟೆ ರಿಪೇರಿ ಮಾಡಿಕೊಡುತ್ತೀರೆಂದು ಬರೆದುಕೊಡುತ್ತೀರಾ?

ಸೇಲ್ಸ್‌ಮನ್ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಸಾರ್, ಬ್ಯಾಗ್ ಫ್ರೀ ಇದೆ" ಅಂದ.

ಕೊನೆಗೆ ಮುರಿದ ಲ್ಯಾಪ್‌ಟಾಪನ್ನು ರಿಪೇರಿಗೆಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಒಯ್ದೆ. ಮೆಟ್ಟಿಲ ಕೆಳಗೆ ಒಂದು ಗೂಡು. ಒಬ್ಬನೇ ಕೂರಬಹುದು. ಆತ ಹತ್ತು ಸ್ಕ್ರೂ ಬಿಚ್ಚಿ, ಕವರ್ ಎತ್ತಿ ತೋರಿಸಿದ. ಹಿಂಜ್ ಸ್ಟೀಲು, ಅದಕ್ಕೇನೂ ಆಗಿರಲಿಲ್ಲ. ಅದರ ಸ್ಕ್ರೂಗಳು ಕೂತಿದ್ದ ಪುಟ್ಟ ಹಿತ್ತಾಳೆ ನಟ್ಟುಗಳು ಪ್ಲಾಸ್ಟಿಕ್ಕನ್ನು ಕಿತ್ತುಕೊಂಡು ಬುಡಸಮೇತ ಎದ್ದು ಬಂದಿದ್ದವು.

"ನೋಡಿ ಸಾರ್, ಹಿಂಜು ಮಿಲಿಟರಿ. ಅದನ್ನ ಹಿಡ್ಕೊಂಡಿರೋ ಪ್ಲಾಸ್ಟಿಕ್ಕು ಸಿವಿಲಿಯನ್."

"ಇದು ನಮ್ಮ ಹುಡುಗ ಮಾಡಿದ್ದಾ?"

"ಹುಡುಗ ಏನ್ ಮಾಡ್ತಾನೆ ಸಾರ್? ಹಿಂಜು ಟೈಟು, ಪ್ಲಾಸ್ಟಿಕ್ಕು ತೆಳು. ಇದೇ ಮಾಡೆಲ್ಲು ಈ ವಾರ ಮೂರನೇದು."

ನಟ್ಟುಗಳನ್ನು ಕೂರಿಸಿ, ಸುತ್ತ ಅರಾಲ್ಡೈಟ್ ತುಂಬಿ, ಹಿಂಜನ್ನು ಸ್ವಲ್ಪ ಸಡಿಲ ಮಾಡಿದ. ಒಂದು ರಾತ್ರಿ ಒಣಗಲಿ, ತೆರೀಬೇಡಿ ಅಂದ. 900 ರೂಪಾಯಿ. ಬಿಲ್ ಕೇಳಿದೆ. ಸಿಗರೇಟು ಪ್ಯಾಕಿನ ಒಳಹಾಳೆಯ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಕು ಹಾಕಿ, ಮೂರು ತಿಂಗಳ ಗ್ಯಾರಂಟಿ ಎಂದು ಬರೆದು ಫೋನ್ ನಂಬರಿನ ಸಮೇತ ಕೊಟ್ಟ.

"ಅಷ್ಟರೊಳಗೆ ಕೆಳಗೆ ಬಿದ್ರೆ?"

ಕೈ ಒರೆಸಿಕೊಳ್ಳುತ್ತಾ ಮುಂದಿನ ಗಿರಾಕಿಯ ಚೀಲ ತೆಗೆದುಕೊಂಡ.

"ಬಿದ್ರೂ ತನ್ನಿ ಸಾರ್, ನೋಡೋಣ."